ಕತ್ತಿ ಬದಿಗಿಟ್ಟು ಮಲಗಿದವನು

ಇವತ್ತು ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದಾಗ ತಮ್ಮನ ಮಗಳು ರೇಣು ಕಪ್ಪಿನ ಪಕ್ಕ ಒಂದು ಕಾರ್ಡು ತಂದಿಟ್ಟಳು. ಹಡಪಸರದ ಅವಳ ಆಫೀಸಿನ ಹುಡುಗಿಯರಿಗೆಲ್ಲ ಈಗ ಟ್ಯಾರೋ ಹುಚ್ಚು. ಇಸ್ಪೀಟಿನಂಥ ಚಿತ್ರದ ಎಲೆಗಳನ್ನು ಹರಡಿ, ಒಂದನ್ನು ಎಳೆದು, ಬರುವ ದಿನಗಳನ್ನು ಊಹಿಸುವುದು. ನನ್ನ ಮನೆಯಲ್ಲೇ ಇದ್ದು ಕೆಲಸಕ್ಕೆ ಹೋಗುವ ಇವಳೂ ಒಂದು ಕಟ್ಟು ತರಿಸಿಕೊಂಡಿದ್ದಾಳೆ.

"ಅತ್ಯಾ, ಇಂವಾ ಸತ್ತಾನೇನು?" ಎಂದು ಕೇಳಿದಳು.

ಕನ್ನಡಕ ಹುಡುಕುವ ಅಗತ್ಯ ಬೀಳಲಿಲ್ಲ. ಓಕ್ ಮರದ ಕೆಳಗೆ ಕಲ್ಲುಹಾಸಿನ ಮೇಲೆ ಎದೆಯ ಮೇಲೆ ಕೈ ಜೋಡಿಸಿಕೊಂಡು ಮಲಗಿದ ಯೋಧ. ಹಿಂದೆ ನಿಲ್ಲಿಸಿದ ಬಂಡೆಗಳು. ಕೊಂಬೆಗೆ ತೂಗುಹಾಕಿದ ಮೂರು ಕತ್ತಿ, ಮಗ್ಗುಲಲ್ಲಿ ಇನ್ನೊಂದು. ಸುತ್ತ ಹಸಿರು ಅಂಚು. ಅದರಲ್ಲಿ ಒಂದೇ ಎಳೆ ಹೆಣೆದು ಹೆಣೆದು ಹೋಗಿದೆ, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ. "ಸತ್ತಿಲ್ಲ, ಮಕ್ಕೊಂಡಾನ. ಉಳಿದದ್ದು ಬಂದ ಮ್ಯಾಲೆ ಹೇಳತೀನಿ" ಎಂದು ಚೀಲ ಎತ್ತಿಕೊಂಡು ಹೊರಟೆ. ಭೋರ್‌ಗೆ ತಮ್ಮನ ಮನೆಗೆ ಹೋಗಬೇಕಾಗಿತ್ತು. ಈಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದೆ. ಅವಳಿಗೆ ಹೇಳದೆ ಬಂದದ್ದನ್ನು, ಪಕ್ಕದಲ್ಲಿ ನೀವು ಕೂತಿದ್ದೀರಿ ಎಂದುಕೊಂಡು ನಿಮಗೇ ಹೇಳುತ್ತೇನೆ. ನಡುವೆ ತೂಕಡಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ನನ್ನ ದಣಿವು ಹಳೆಯದು.

ಅವ್ವನಿಗೆ ಮರೆವಿನ ಕಾಯಿಲೆ ಅಂಟಿಕೊಂಡ ವರ್ಷಗಳ ಮಾತು ಇದು. ನಾನು ಮದುವೆಯಾಗಲಿಲ್ಲ, ಯಾಕೆ ಎಂದು ಹೇಳಹೊರಟರೆ ಈ ಬಸ್ಸಿನ ದಾರಿ ಸಾಲದು. ಅಪ್ಪ ಹೋದ ಮೇಲೆ ಅವ್ವ ಧಾರವಾಡ ಬಿಟ್ಟು ನೇರ ನನ್ನ ಹತ್ತಿರ ಬಂದಳು. ತಮ್ಮ ಭೋರ್‌ನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಸಂಸಾರ ನಡೆಸುತ್ತಿದ್ದ. ಅವ್ವ ಎಲ್ಲಿರಬೇಕು ಎಂದು ಯಾರೂ ಕೂತು ಮಾತಾಡಲಿಲ್ಲ. ಒಂಟಿ ಹೆಂಗಸಿಗೆ ಬೇಕಾದಷ್ಟು ಹೊತ್ತು ಇರುತ್ತದೆ ಎಂದು ಎಲ್ಲರಿಗೂ ಅನಿಸುತ್ತದೆ. ನನಗೂ ಅನಿಸಿತ್ತು.

ಹಗಲು ನಾನು ಆಫೀಸಿಗೆ ಹೋದಾಗ ನೋಡಿಕೊಳ್ಳಲು ಒಬ್ಬ ಕೆಲಸದ ಮಾವಶಿ ಬರುತ್ತಿದ್ದಳು. ಸಂಜೆಯಿಂದ ಬೆಳಗಿನವರೆಗೆ ನನ್ನ ಪಾಳಿ. ಅವ್ವ ಮೆಂತ್ಯದ ಸೂಡನ್ನು ಹಾಸಿಗೆಯ ಕೆಳಗೆ ಬಚ್ಚಿಡುತ್ತಿದ್ದಳು. ನನ್ನನ್ನು ನೋಡಿ, "ನೀವು ಯಾರ ಪೈಕಿರಿ ಬಾಯಿ?" ಎಂದು ಮರ್ಯಾದೆಯಿಂದ ಕೇಳುತ್ತಿದ್ದಳು. ನಾನು ಮಲಗಿದ ಮೇಲೆ ಎದ್ದು ಧಾರವಾಡಕ್ಕೆ ಹೊರಡುತ್ತಿದ್ದಳು. ಒಮ್ಮೆ ಚಿಲಕ ತೆಗೆದು ಕೆಳಗೆ ರಸ್ತೆಯವರೆಗೂ ಹೋಗಿಬಿಟ್ಟಿದ್ದಳು. ಆಮೇಲೆ ನಾನು ಅವಳ ಸೆರಗಿಗೆ ನನ್ನ ಓಢಣಿ ಗಂಟುಹಾಕಿ ಮಲಗತೊಡಗಿದೆ. ಅವಳು ಹೊರಳಿದರೆ ನನಗೆ ಎಚ್ಚರ, ನಾನು ಹೊರಳಿದರೆ ಅವಳಿಗೆ. ಹೀಗೆ ಇಬ್ಬರಿಗೂ ನಿದ್ದೆಯಿಲ್ಲದೆ ದಿನಗಳು ಹೋದವು. ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕಣ್ಣು ತೆರೆದುಕೊಂಡೇ ಮಲಗುವ ವಿದ್ಯೆ ನನಗೆ ಸಿದ್ಧಿಸಿತ್ತು. ಸಾಹೇಬರು ಬಂದರೆ ಬೆರಳುಗಳು ತಾವಾಗಿ ಟೈಪು ಮಾಡುತ್ತಿದ್ದವು. ಏನು ಟೈಪಾಯಿತೆಂದು ಆಮೇಲೆ ಓದಿ ನಾನೇ ಅಳಿಸುತ್ತಿದ್ದೆ.

ನನ್ನ ಅವಸ್ಥೆ ನೋಡಲಾರದೆ ಪಕ್ಕದ ಟೇಬಲ್ಲಿನ ಗೆಳತಿ ಒಂದು ಶನಿವಾರ ಕೊಂಢವಾ ಬಡಾವಣೆಗೆ ಎಳೆದುಕೊಂಡು ಹೋದಳು. ಅಲ್ಲಿ ಶಾಲಿನಿತಾಯಿ ಎಂಬವರು ಕಾರ್ಡು ನೋಡಿ ಹೇಳುತ್ತಾರಂತೆ, ಬೆಳಗಾವಿ ಕಡೆಯ ಕನ್ನಡದವರೇ ಅಂತೆ. ಪಂಚಾಂಗ ಬಿಡಿಸಿದವರನ್ನೇ ನಂಬದ ಮನೆತನ ನಮ್ಮದು. ಆದರೂ ಹೋದೆ. ನಂಬಿಕೆಯಿಂದಲ್ಲ, ಬರುವುದಿಲ್ಲ ಎಂದು ವಾದಿಸಲು ತ್ರಾಣ ಬೇಕಲ್ಲ, ಅದಿರಲಿಲ್ಲ.

ಎದುರಿಗೆ ಕಟ್ಟಡ ಏಳುತ್ತಿತ್ತು. ಮನೆಯೊಳಗೆಲ್ಲ ಸಿಮೆಂಟಿನ ಧೂಳು, ಡ್ರಿಲ್ಲಿಂಗ್ ಸದ್ದು. ಶಾಲಿನಿತಾಯಿ ನನಗಿಂತ ಹಿರಿಯರು. ನೂಲಿನ ಸೀರೆ, ದಪ್ಪ ಕನ್ನಡಕ. ಭವಿಷ್ಯ ಹೇಳುವವರಂತೆ ಕಾಣದೆ ಶಾಲೆಯಲ್ಲಿ ಗಣಿತ ಕಲಿಸುವವರಂತೆ ಕಂಡರು. ಕಾರ್ಡು ಕಲಸುತ್ತ, "ಇವು ಐರ್ಲೆಂಡ್ ಕಡೀ ಹಳೇ ಮಂದೀವು. ಕೆಲ್ಟರು ಅಂತಿದ್ರಂತ. ಇದರಾಗ ಅರಮನಿ ಕಡಿಮಿ, ಗಿಡಾ, ಕಲ್ಲು ಭಾಳ. ಅದಕ್ಕ ನನಗ ಇದs ಕಟ್ಟು ಸೇರತದ" ಎಂದರು. ನಾನು ಒಂದು ಎಲೆ ಎಳೆದು ಕೊಟ್ಟೆ. ಅವರು ಅದನ್ನು ತಿರುಗಿಸಿ ಇಟ್ಟರು. ಇಟ್ಟದ್ದು ನೆನಪಿದೆ. ಮುಂದಿನ ನೆನಪೆಂದರೆ, ನನ್ನ ಗದ್ದ ಎದೆಗೆ ತಾಗಿತ್ತು, ಜೊಲ್ಲು ಕುಪ್ಪಸಕ್ಕೆ ಇಳಿದಿತ್ತು, ಬಾಗಿಲ ಹತ್ತಿರ ಸರದಿ ಕಾಯುತ್ತಿದ್ದ ಇಬ್ಬರು ಹೆಂಗಸರು ಮರಾಠಿಯಲ್ಲಿ ಪಿಸುಗುಟ್ಟುತ್ತಿದ್ದರು. ಶಾಲಿನಿತಾಯಿ ಕೈ ಕಟ್ಟಿ ಹಾಗೇ ಕೂತಿದ್ದರು.

"ಗೊರಕಿ ಹೊಡದ್ರಿ" ಎಂದರು.

ನಾಚಿಕೆಯಿಂದ ಬಾಯಿ ಒರೆಸಿಕೊಂಡು ಮೇಜಿನ ಮೇಲಿದ್ದ ಎಲೆ ನೋಡಿದೆ. ಕಲ್ಲಿನ ಮೇಲೆ ಮಲಗಿದವನು. ಸತ್ತವನ ಹಾಗೇ ಕಂಡ. "ನಮ್ಮವ್ವ ಹೋಗತಾಳೇನ್ರಿ?" ಎಂದುಬಿಟ್ಟೆ. ಅವ್ವನ ವಿಷಯ ಅದುವರೆಗೆ ಅವರಿಗೆ ಹೇಳಿಯೇ ಇರಲಿಲ್ಲ. ಆಗ ಎಲ್ಲ ಹೇಳಿದೆ.

ಅವರು ಕೇಳಿಸಿಕೊಂಡು, ಕಾರ್ಡನ್ನು ನನ್ನ ಕಡೆ ಸರಿಸಿದರು. "ನಾಕು ಕತ್ತಿ ಅಂತಾರ ಇದಕ್ಕ. ಸಾವಿಂದಲ್ಲ, ಇಂವಾ ದಣದಾನ. ಮೂರು ಕತ್ತಿ ಮ್ಯಾಲೆ ತೂಗಹಾಕ್ಯಾನ, ಒಂದು ಬಗಲಾಗ ಇಟಗೊಂಡಾನ. ಅಂದ್ರ ಯುದ್ಧ ಮುಗದಿಲ್ಲ, ನಾಳಿ ಮತ್ತ ಏಳಬೇಕು. ಆದ್ರ ಈಗ ಮಲಗ್ಯಾನ." ಸ್ವಲ್ಪ ಹೊತ್ತು ಡ್ರಿಲ್ಲಿಂಗ್ ಸದ್ದು ನಿಲ್ಲಲೆಂದು ಕಾದು, ಮುಂದೆ ಕೇಳಿದರು: "ಯುದ್ಧಾ ನಡದಾಗ ಒಬ್ಬಾಂವ ಹಿಂಗ ನಿಶ್ಚಿಂತಿ ಮಲಗಬೇಕಂದ್ರ ಕಾವಲಕ್ಕ ಇನ್ನೊಬ್ಬಾಂವ ನಿಂತಿರಬೇಕಲ್ರಿ? ಚಿತ್ರದಾಗ ಕಾಣಸಂಗಿಲ್ಲ, ಆದ್ರ ಇದ್ದs ಇರತಾನ. ನಿಮಗ ಯಾರದಾರ?"

"ಯಾರೂ ಇಲ್ಲರಿ."

"ಅಣ್ಣಾ, ತಮ್ಮಾ?"

"ತಮ್ಮ ಇದ್ದಾನ. ಅವಗ ಅವನ ಸಂಸಾರ, ಅಂಗಡಿ."

"ಅಂವಾ ಒಲ್ಲೆ ಅಂದನೇನು?"

ನಾನು ಯೋಚಿಸಿದೆ. ಒಲ್ಲೆ ಅಂದಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ಕೇಳುವುದಕ್ಕೂ ಒಂದು ಶಕ್ತಿ ಬೇಕು, ಅದನ್ನು ದಣಿವು ಎಲ್ಲಕ್ಕಿಂತ ಮೊದಲು ತಿಂದುಹಾಕುತ್ತದೆ. ನಿಮಗೂ ಇದು ಗೊತ್ತಿದ್ದೀತು.

ಮರುದಿನ ಫೋನು ಮಾಡಿದೆ. ಏನೇನೋ ಪೀಠಿಕೆ ಹಾಕಿ, ಕೊನೆಗೆ, "ಅವ್ವನ್ನ ಸ್ವಲ್ಪ ದಿವಸ ನಿನ್ನ ಕಡೆ ಇಟಗೋತೀಯೇನು?" ಎಂದೆ. ಅವನು, "ಅಕ್ಕಾ, ನನ್ನ ಕೈಲೆ ಆಗಂಗಿಲ್ಲ ಅಂತ ನೀನs ತಿಳಕೊಂಡಿದ್ದಿ ಅನಕೊಂಡಿದ್ದೆ. ನಾಳಿಗೇ ಬರತೀನಿ" ಎಂದ.

ಬಂದ. ಅವ್ವ ಅವನನ್ನು ತನ್ನ ಅಣ್ಣನೆಂದು ತಿಳಿದು ಸೀರೆಯ ನಿರಿಗೆ ಸರಿಮಾಡಿಕೊಂಡು ತವರಿಗೆ ಹೊರಟವಳ ಹಾಗೆ ಕಾರು ಹತ್ತಿದಳು. ಆ ರಾತ್ರಿ ನಾನು ಖಾಲಿ ಮನೆಯಲ್ಲಿ ಮಲಗಿದೆ, ಆದರೆ ಪದೇ ಪದೇ ಎದ್ದು ಓಢಣಿಯ ತುದಿ ತಡಕಿದೆ. ನಿದ್ದೆಯೂ ಮತ್ತೆ ಕಲಿಯಬೇಕಾದ ವಿದ್ಯೆ ಎಂದು ಆಗ ತಿಳಿಯಿತು. ನಿಧಾನಕ್ಕೆ ಕಲಿತೆ. ಭಾನುವಾರ ಊಟವಾದ ಮೇಲೆ ಪರದೆ ಎಳೆದು ಸಂಜೆಯವರೆಗೂ ಮಲಗುತ್ತಿದ್ದೆ. ತಮ್ಮನಿಗೂ ಅದು ಗೊತ್ತಾಗಿ ಆ ಹೊತ್ತಿಗೆ ಫೋನು ಮಾಡುತ್ತಿರಲಿಲ್ಲ.

ಅಲ್ಲಿಂದಾಚೆ ಅವ್ವ ಕೆಲವು ತಿಂಗಳು ಅಲ್ಲಿ, ಕೆಲವು ತಿಂಗಳು ಇಲ್ಲಿ. ಅಂಗಡಿಯಲ್ಲಿ ಬಟ್ಟೆಯ ಥಾನು ಬಿಚ್ಚಿ ತೋರಿಸುತ್ತಿದ್ದ ತಮ್ಮ ಅವ್ವನಿಗೆ ಹೆರಳು ಹಾಕುವುದನ್ನು ಕಲಿತ. ಮೊದಮೊದಲು ಸೊಟ್ಟ, ಆಮೇಲೆ ನನಗಿಂತ ನೇರ. ಶಾಲಿನಿತಾಯಿಯವರಿಗೆ ಇದನ್ನೆಲ್ಲ ಹೇಳಲು ಹೋದಾಗ ಅವರು ಕಾರ್ಡು ತೆಗೆಯಲೇ ಇಲ್ಲ. ಚಹಾ ಮಾಡಿಕೊಟ್ಟು, ಹಾಸಿಗೆ ಹಿಡಿದ ಗಂಡನನ್ನು ತಾವೊಬ್ಬರೇ ನೋಡಿಕೊಂಡ ವರ್ಷಗಳ ಬಗ್ಗೆ ಹೇಳಿದರು. "ನನಗ ಯಾರೂ ಕೇಳಲಿಲ್ಲರಿ, ಕಾವಲಕ್ಕ ಯಾರದಾರ ಅಂತ" ಎಂದರು. ಅಷ್ಟೇ. ಮರುವರ್ಷ ಬೆಳಗಾವಿಗೆ ತಂಗಿಯ ಮನೆಗೆ ಹೋಗಿಬಿಟ್ಟರು.

ಅವ್ವ ಹೋದದ್ದು ಭೋರ್‌ನಲ್ಲಿ, ಒಂದು ಭಾನುವಾರ ಮಧ್ಯಾಹ್ನ. ನಾನು ನನ್ನ ಮನೆಯಲ್ಲಿ ಪರದೆ ಎಳೆದು ಮಲಗಿದ್ದೆ. ಎದ್ದು ಮುಖ ತೊಳೆದು ಚಹಾಕ್ಕಿಡುವಾಗ ಫೋನು ಬಂತು. ತಮ್ಮ ಹೇಳಿದ. ಯಾವಾಗ ಎಂದು ಕೇಳಿದೆ.

"ಊಟಾ ಮಾಡಸಿ ಬಾಯಿ ಒರಸತಿದ್ದೆ. ಹಂಗs ನನ್ನ ಕೈಮ್ಯಾಲೆ ಹ್ವಾದ್ಲು."

"ಆವಾಗs ಯಾಕ ಫೋನ್ ಮಾಡಲಿಲ್ಲೋ?"

"ನೀ ಮಕ್ಕೊಂಡಿರತಿ ಅಂತ ಗೊತ್ತಿತ್ತಕ್ಕಾ. ಇನ್ನ ಅವಸರ ಮಾಡಿ ಏನು ಮಾಡೋದದ. ಮಲಗಲಿ, ಎದ್ದ ಮ್ಯಾಲೆ ಹೇಳೂಣು ಅಂತ ಆಕಿ ಬಾಜೂಕ ಕೂತಿದ್ದೆ."

ಅವ್ವ ಹೋಗುವಾಗ ನಾನು ನಿದ್ದೆಯಲ್ಲಿದ್ದೆ ಎಂಬುದು ಬಹಳ ದಿನ ನನ್ನನ್ನು ಕಾಡಿತು. ಈಗಲೂ ಕೆಲವು ಮಧ್ಯಾಹ್ನ ಕಾಡುತ್ತದೆ. ಆದರೆ ಅದರ ಜೊತೆಗೇ ಇನ್ನೊಂದು ಚಿತ್ರವೂ ಬರುತ್ತದೆ: ಅವ್ವನ ಪಕ್ಕ ಸುಮ್ಮನೆ ಕೂತು, ನನ್ನ ಕಣ್ಣು ತಾನಾಗಿ ತೆರೆಯಲೆಂದು ಕಾಯುತ್ತಿದ್ದ ತಮ್ಮ. ದುಃಖ ಅದರಿಂದ ಕಡಿಮೆಯಾಗಲಿಲ್ಲ. ಆದರೆ ಅದನ್ನು ಒಬ್ಬಳೇ ಹೊತ್ತುಕೊಂಡಿದ್ದೇನೆ ಎಂದು ಮತ್ತೆ ಯಾವತ್ತೂ ಅನಿಸಲಿಲ್ಲ.

ಭೋರ್ ಬಂತು. ಬಸ್‌ಸ್ಟ್ಯಾಂಡಿನಿಂದ ತಮ್ಮನ ಮನೆ ದೂರವಿಲ್ಲ, ಆದರೂ ಏರು ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡೆ. ಅವನ ಹೆಂಡತಿಗೆ ಮೊಣಕಾಲಿನ ಆಪರೇಶನ್ ಆಗಿದೆ. ಅಡಿಗೆ, ಅಂಗಡಿ, ಅವಳನ್ನು ಎತ್ತಿ ಕೂರಿಸುವುದು, ಎಲ್ಲ ಅವನದೇ. ನನಗೆ ಬಾ ಎಂದು ಹೇಳಿರಲಿಲ್ಲ. ಬಾಗಿಲು ತೆಗೆದವನ ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು, ಬನಿಯನ್ನು ತಿರುವುಮುರುವು ತೊಟ್ಟಿದ್ದ.

"ಅಕ್ಕಾ, ನೀ ಯಾಕ ಬಂದಿ?"

"ಹೋಗಿ ಮಕ್ಕೋ."

"ಕುಕ್ಕರ ಇಟ್ಟೀನಿ, ಸೀಟಿ ಆಗಬೇಕಿನ್ನ. ಆಕೀಗಿ ಗುಳಿಗಿ..."

"ನಾ ನೋಡತೀನಿ. ಹೋಗು."

ಅವನು ನಡುಮನೆಯ ದಿವಾನದ ಮೇಲೆ ಗೋಡೆಯ ಕಡೆ ತಿರುಗಿ ಬಿದ್ದುಕೊಂಡ. ನಾನು ಚೀಲ ಇಳಿಸುವಷ್ಟರಲ್ಲಿ ಗೊರಕೆ ಶುರುವಾಯಿತು. ಒಳಕೋಣೆಯ ಮಂಚದಿಂದ ಅವನ ಹೆಂಡತಿ ತುಟಿಯ ಮೇಲೆ ಬೆರಳಿಟ್ಟು ಅವನ ಕಡೆ ತೋರಿಸಿದಳು. ಅಡಿಗೆಮನೆಯಲ್ಲಿ ಕುಕ್ಕರು ಬುಸುಗುಡುತ್ತಿತ್ತು. ಸೀಟಿ ಹೊಡೆಯುವ ಮುಂಚೆ ಗ್ಯಾಸ್ ಆರಿಸಿದೆ. ಅನ್ನ ತಡವಾದೀತು. ಆಗಲಿ.