ಉಗ್ರಾಣದಿಂದ ಬಂದ ಬೆಂಗಳೂರಿನ ದನಿ

ನನ್ನ ದೊಡ್ಡಮ್ಮ ಬಾಣಾವರದ ಬಳಿಯ ಹಳ್ಳಿಯೊಂದರಲ್ಲಿ ಅಂಗನವಾಡಿ ನಡೆಸುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ವಿಶ್ವವಿದ್ಯಾಲಯಕ್ಕೆ ರಜೆ ಬಿದ್ದು ನಾನು ಅವರ ಮನೆಯಲ್ಲಿದ್ದೆ. ಆಗಲೇ ಅಂಗನವಾಡಿಗೆ ಕಂಪ್ಯೂಟರ್ ಬಂದದ್ದು. ಇಂಟರ್‌ನೆಟ್‌ನಲ್ಲಿ ಕಾಸಿಲ್ಲದೆ ಸಿಗುವ ಆಟಗಳನ್ನು ಮೂರು ನಾಲ್ಕು ವರ್ಷದ ಮಕ್ಕಳು ಆಡಬೇಕು, ಬೆಂಗಳೂರಿನಲ್ಲಿ ಕುಳಿತ ಶಿಕ್ಷಕಿಯೊಬ್ಬರು ಅಲ್ಲಿಂದಲೇ ಮಾತನಾಡಿ ಆಡಿಸಬೇಕು ಎಂಬುದು ಅದನ್ನು ಕೊಟ್ಟ ಸಂಸ್ಥೆಯ ಯೋಜನೆ. ಅದಕ್ಕೆ ಬೇಕಾದ ಟೆಲಿಫೋನ್ ತಂತಿ ಮಾತ್ರ ಊರಾಚೆಯ ಕಂಬದಲ್ಲೇ ನಿಂತುಬಿಟ್ಟಿತ್ತು.

ತಂತಿ ಬರಲಿಲ್ಲ, ಉದ್ಘಾಟನೆಯ ದಿನ ಬಂತು. ಹಿಂದಿನ ಸಂಜೆ ಮೇಲ್ವಿಚಾರಕಿ ಅರಸೀಕೆರೆಯಿಂದ ಬಸ್ಸಿಳಿದು ಬಂದು, ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತ ಉಪಾಯ ಹೇಳಿದರು. ಪ್ರಾಣಿಗಳನ್ನು ಗುರುತಿಸುವ ಆಟವೊಂದನ್ನು ಸೈಬರ್ ಸೆಂಟರಿನಲ್ಲಿ ಸಿ.ಡಿ.ಗೆ ಹಾಕಿಸಿ ತಂದಿದ್ದರು. ದೊಡ್ಡಮ್ಮ ಪಕ್ಕದ ಉಗ್ರಾಣದಲ್ಲಿ ಮೈಕ್ ಹಿಡಿದು ಕೂರಬೇಕು; ಸ್ಪೀಕರ್ ಕಂಪ್ಯೂಟರಿನ ಹಿಂದೆ ಇರುತ್ತದೆ.

"ಟೀಚರ್ರೇ, ಬೆಂಗ್ಳೂರೋರ ಥರ ಮಾತಾಡಿ, ಅಷ್ಟೇ. ಐತೆ ಗೈತೆ ಅನ್ಬೇಡಿ."

"ಮಕ್ಳು ನನ್ನ ಕೇಳಿದ್ರೆ, ಮೇಡಮ್?"

"ರಜ ಹಾಕವ್ರೆ ಅಂದ್ರಾಯ್ತು."

ಅವರು ಹೋದ ಮೇಲೆ ನಾನು ಸಿಡಿದೆ. "ಇದು ಮೋಸ ಅಲ್ವಾ ದೊಡ್ಡಮ್ಮ?"

"ಸುಮ್ಕಿರೇ. ನೀನು ರಜ ಮುಗಿಸ್ಕೊಂಡು ಹೋಗ್ತೀಯ, ನಾನಿಲ್ಲೇ ಇರ್ಬೇಕು." ಲೋಟ ತೊಳೆಯುತ್ತ ಮತ್ತೆ ಅವರೇ ಹೇಳಿದರು: "ಆ ಮಕ್ಳ ತಾವ ಇವತ್ತಿನ ತನಕ ಒಂದು ಸುಳ್ಳು ಆಡಿಲ್ಲ ಕಣೇ ನಾನು. ಅದೊಂದೇ ಸಂಕಟ."

ಅಂಗನವಾಡಿಯಲ್ಲಿ ಬೆಳಗು ಶುರುವಾಗುತ್ತಿದ್ದದ್ದು ದೊಡ್ಡಮ್ಮ ಕಲಿಸಿದ ಒಂದು ಆಟದಿಂದ. ಮಗುವೊಂದು ಉಗ್ರಾಣದ ಪರದೆಯ ಹಿಂದೆ ಅಡಗಿ, ದನಿ ಬದಲಿಸಿ ಮಾತಾಡಬೇಕು. ಉಳಿದವರು ಯಾರೆಂದು ಕಂಡುಹಿಡಿದು, ಹೆಸರು ಕೂಗಿ, ಹೊರಗೆ ಎಳೆದು ತರಬೇಕು. ಸಿಕ್ಕಿಬಿದ್ದವರು ಮಾರನೆಯ ದಿನ ಗೋಡೆಗೆ ಮುಖ ಮಾಡಿ ನಿಂತು, ಒಳಗಿನ ದನಿ ಯಾರದೆಂದು ಎಲ್ಲರಿಗಿಂತ ಮೊದಲು ಹೇಳಬೇಕು. ಈ ಆಟದ ನೆನಪು ಆ ಸಂಜೆ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಉದ್ಘಾಟನೆಯ ದಿನ ಕರೆಂಟೂ ನಿಷ್ಠೆಯಿಂದ ಬಂದಿತ್ತು. ಅತಿಥಿಗಳು ಕುರ್ಚಿಯಲ್ಲಿ, ತಾಯಂದಿರು ಮತ್ತು ನಾನು ಹಿಂದೆ ನೆಲದ ಮೇಲೆ. ಕಂಪ್ಯೂಟರಿನ ತೆರೆಯ ಮೇಲೆ ಹಸು, ಆನೆ, ಕರಡಿ ಮೂಡಿದವು. ಸ್ಪೀಕರಿನಿಂದ ತೆಳ್ಳಗಿನ, ನಯವಾದ ದನಿಯೊಂದು ಹೊರಟಿತು:

"ನಮಸ್ಕಾರ ಮಕ್ಕಳೇ. ನಾನು ಬೆಂಗಳೂರಿನಿಂದ ಮಾತನಾಡುತ್ತಿದ್ದೇನೆ. ಹಸು ಎಲ್ಲಿದೆ, ತೋರಿಸಿ?"

ಯಾವ ಮಗುವೂ ಹಸುವನ್ನು ನೋಡಲಿಲ್ಲ. ಎಲ್ಲ ತಲೆಗಳೂ ಒಮ್ಮೆಗೇ ಉಗ್ರಾಣದತ್ತ ತಿರುಗಿದವು. ಮುಂದೆ ಕುಳಿತಿದ್ದ, ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಒಂದು ಹುಡುಗಿ ಎದ್ದು ನಿಂತು ಕಿರುಚಿದಳು: "ಟೀಚರ್ರು! ಟೀಚರ್ರು ಒಳಗವ್ರೆ!" ಇಡೀ ಗುಂಪು ಕೇಕೆ ಹಾಕುತ್ತ ಓಡಿತು. ಆಟದ ನಿಯಮದಂತೆಯೇ ದೊಡ್ಡಮ್ಮನನ್ನು ಸೆರಗು ಹಿಡಿದು ಹೊರಗೆ ಎಳೆದು ತಂದರು. ಅವರ ಮೊಣಕೈಗೆ ಹಿಟ್ಟಿನ ಮೂಟೆಯ ಬಿಳಿ ಮೆತ್ತಿತ್ತು. ಕೈಯಲ್ಲಿ ಮೈಕ್ ಹಾಗೇ ಇತ್ತು.

"ಇವರು ಯಾರು?" ಎಂದರು ಮುಖ್ಯ ಅತಿಥಿ.

"ಅಡುಗೆ ಸಹಾಯಕಿ, ಸಾರ್," ಎಂದರು ಮೇಲ್ವಿಚಾರಕಿ. "ಮಕ್ಳಿಗೆ ಸಲಿಗೆ ಜಾಸ್ತಿ."

ಅತಿಥಿಗಳು ನಕ್ಕರು, ಚಪ್ಪಾಳೆ ತಟ್ಟಿದರು. ಅಡುಗೆ ಸಹಾಯಕಿಯ ಕೈಯಲ್ಲಿ ಮೈಕ್ ಏಕಿದೆ ಎಂದು ಒಬ್ಬರೂ ಕೇಳಲಿಲ್ಲ. ದೊಡ್ಡಮ್ಮ ತಲೆ ಎತ್ತಲಿಲ್ಲ. ಅವರ ಕುತ್ತಿಗೆ ಕೆಂಪೇರಿದ್ದು ಹಿಂದಿನ ಸಾಲಿಗೂ ಕಾಣುತ್ತಿತ್ತು. ನನ್ನ ಮುಖವೂ ಸುಡುತ್ತಿತ್ತು.

ಆ ನಾಚಿಕೆ ಯಾರ ಪಾಲಿನದು? ತಂತಿ ಎಳೆಯದವರದೋ, ಎಳೆಯದಿದ್ದರೂ ಉದ್ಘಾಟನೆಗೆ ದಿನ ಗೊತ್ತುಮಾಡಿದವರದೋ, ತಿಳಿದೂ ಚಪ್ಪಾಳೆ ತಟ್ಟಿದವರದೋ? ಇಷ್ಟು ವರ್ಷಗಳಲ್ಲಿ ಅವರಲ್ಲಿ ಒಬ್ಬರೂ ಅದನ್ನು ತಮ್ಮದೆಂದು ಒಪ್ಪಿಕೊಂಡಿಲ್ಲ. ಮಕ್ಕಳ ಎದುರಿಗೇ ಅವರ ಟೀಚರನ್ನು ಟೀಚರಲ್ಲ ಎಂದವರು ಅದಕ್ಕೆ ಉತ್ತರ ಕೊಡಲೇಬೇಕು. ಈ ಬಾಕಿಯನ್ನು ನಾನು ಮನ್ನಾ ಮಾಡುವುದಿಲ್ಲ. ಅಂದು ಮಾತ್ರ ಎಲ್ಲರ ಪಾಲಿನ ನಾಚಿಕೆಯನ್ನೂ ದೊಡ್ಡಮ್ಮ ಒಬ್ಬರೇ ಹೊತ್ತು ಮನೆಗೆ ಬಂದರು, ಉಣ್ಣಲಿಲ್ಲ.

ಮಾರನೆಯ ಬೆಳಗ್ಗೆ, "ನೀನೂ ಬಾರೇ, ಒಬ್ಳೇ ಹೋಗಕ್ಕೆ ಕಾಲು ಬರ್ತಿಲ್ಲ" ಎಂದರು. ಅಂಗನವಾಡಿಯಲ್ಲಿ ಬೆಳಗಿನ ಆಟದ ಸುದ್ದಿ ಎತ್ತದೆ ಹಾಡು ಶುರುಮಾಡಿದರು. ಅದೇ ಹುಡುಗಿ ಬಂದು ಸೆರಗು ಜಗ್ಗಿದಳು.

"ನಿನ್ನೆ ಸಿಕ್ಕಾಕ್ಕೊಂಡ್ರಲ್ಲ ಟೀಚರ್. ಇವತ್ತು ನೀವೇ ಗೋಡೆಗೆ ನಿಂತ್ಕಬೇಕು."

ದೊಡ್ಡಮ್ಮ ಅವಳ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕುಳಿತರು. "ನಿನ್ನೆ ನಾನು ಆಟ ಆಡ್ಲಿಲ್ಲ ಕಂದ. ಸುಳ್ಳು ಹೇಳ್ದೆ. ನಾನು ಬೆಂಗ್ಳೂರಲ್ಲಿ ಇರ್ಲಿಲ್ಲ."

ಹುಡುಗಿ ಬೆರಳು ಕಚ್ಚಿಕೊಂಡು ಸ್ವಲ್ಪ ಯೋಚಿಸಿದಳು.

"ಗೊತ್ತು. ಆದ್ರೂ ನೀವು ಔಟು."

ದೊಡ್ಡಮ್ಮ ಎದ್ದು, ಕಣ್ಣಿಗೆ ಕೈ ಮುಚ್ಚಿ, ಹಣೆಯನ್ನು ಗೋಡೆಗೆ ಆನಿಸಿದರು. ಹಿಂದೆ ಪುಟ್ಟ ಪಾದಗಳ ಸದ್ದು, ಅದುಮಿದ ನಗೆ. ಆಮೇಲೆ ಉಗ್ರಾಣದ ಪರದೆಯ ಹಿಂದಿನಿಂದ, ಹಿಂದಿನ ದಿನ ದೊಡ್ಡಮ್ಮ ಆಡಿದಂತೆಯೇ ತೆಳ್ಳಗೆ, ನಯವಾಗಿ, ಮಗುವೊಂದರ ದನಿ ಬಂತು: "ನಮಸ್ಕಾರ ಮಕ್ಕಳೇ. ಹಸು ಎಲ್ಲಿದೆ?"

ಅದು ಯಾರ ದನಿಯೆಂದು ದೊಡ್ಡಮ್ಮನಿಗೆ ಮೊದಲ ಮಾತಿಗೇ ತಿಳಿದಿರಬೇಕು. ಆದರೂ ಬಹಳ ಹೊತ್ತು ಅವರು ಹೆಸರು ಹೇಳಲಿಲ್ಲ, ಗೋಡೆಯಿಂದ ಮುಖ ತಿರುಗಿಸಲೂ ಇಲ್ಲ. ಮಕ್ಕಳು ಕಾದರು.