ಟೀವಿ ಬಾಯಾರು

ಅವಳ ಬಲ ಮೊಣಕೈಗೆ ಸದಾ ಜೋಳದ ಹಿಟ್ಟು ಮೆತ್ತಿರುತ್ತಿತ್ತು. ಬೆಳಿಗ್ಗೆ ಎಷ್ಟು ಅಚ್ಚುಕಟ್ಟಾಗಿ ಸೀರೆ ಉಟ್ಟು ಹೊರಟರೂ ಸಂಜೆ ಮರಳುವಾಗ ಆ ಬಿಳಿ ಗುರುತು ಇದ್ದೇ ಇರುತ್ತಿತ್ತು. ಹಳ್ಳಿಯ ಅಡುಗೆಮನೆಗಳಲ್ಲಿ ರೊಟ್ಟಿ ಬಡಿಯುವವರ ಪಕ್ಕ ಹಿಟ್ಟಿನ ಪರಾತದ ಅಂಚಿಗೆ ಮೊಣಕೈ ಊರಿ ಕೂರುವುದು ಅವಳ ರೂಢಿ. “ಝಾಡಿಸ್ಕೋಬಾರದೇನವಾ?” ಎಂದರೆ, “ಇರ್ಲಿ ಬಿಡ್ರಿ ಅಕ್ಕಾರ, ಇದು ನನ್ನ ಹಾಜರಿ” ಎನ್ನುತ್ತಿದ್ದಳು.

ನಾನಾಗ ಮುದ್ದೇಬಿಹಾಳದಲ್ಲಿ ಹುಡುಗಿಯರ ವಸತಿ ನಿಲಯ ನೋಡಿಕೊಳ್ಳುತ್ತಿದ್ದೆ. ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು, ಗಂಟೆ ಬಾರಿಸಿದರೆ ದೀಪ ಆರಬೇಕು. ನನ್ನ ಮನೆಯೂ ಹಾಗೆಯೇ ನಡೆಯುತ್ತಿತ್ತು. ಆ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದವಳು ಅವಳು. ಕಾಲೇಜೊಂದರಲ್ಲಿ ಉಪನ್ಯಾಸಕಿ, ರಜೆ ಹಾಕಿ ಪಿಎಚ್.ಡಿ.ಗೆ ಸಂಶೋಧನೆ ಮಾಡುತ್ತಿದ್ದಳು. ವಿಷಯ, ಟೀವಿ ಕಾರ್ಯಕ್ರಮಗಳು ಮತ್ತು ಅವುಗಳನ್ನು ನೋಡುವ ಹಳ್ಳಿಯ ಹೆಂಗಸರು. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಸೀಮೆಯಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಬರೆದುಕೊಳ್ಳುವುದು ಕೆಲಸ. ಕೇಬಲ್ಲಿನಲ್ಲಿ ಹೊಸ ಕನ್ನಡ ಚಾನೆಲ್ಲುಗಳು ಬರತೊಡಗಿದ್ದ ಕಾಲ ಅದು.

ನಮ್ಮ ಕಡೆ ಕಲಿತ ಹೆಂಗಸನ್ನು ಬಾಯಿ, ಬಾಯಾರು ಎನ್ನುವುದುಂಟು. ಹಳ್ಳಿಗಳಲ್ಲಿ ಅವಳು ‘ಟೀವಿ ಬಾಯಾರು’ ಆದಳು. ಒಮ್ಮೆ ಬಸ್ಸಿನಲ್ಲಿ ಮುದುಕಿಯೊಬ್ಬಳು, “ಟೀವಿ ಬಾಯಿ ಬಂದ್ಲು, ಇನ್ನ ಬಾಯಿ ಮುಚ್ಚಂಗಿಲ್ಲ ನೋಡು” ಎಂದು ಚುಡಾಯಿಸಿದಳು. ಇವಳು ತಟ್ಟನೆ, “ಬಾಯಿ ಅಲ್ಲಬೇ, ನಾ ಟೀವಿ ಕಿವಿ. ನೀ ಮಾತಾಡು, ನಾ ಕುಂತಿರ್ತೇನಿ” ಎಂದಳು. ಬಸ್ಸೆಲ್ಲ ನಕ್ಕಿತು.

ನನಗೂ ಅವಳಿಗೂ ಹೊಂದಾಣಿಕೆ ಕಡಿಮೆ. ಅವಳ ಚಹಾ ಆರಿ ತಣ್ಣಗಾಗುತ್ತಿತ್ತು, ಬಸ್ಸು ತಪ್ಪುತ್ತಿತ್ತು, ಒಗೆದ ಬಟ್ಟೆ ಹಗ್ಗದ ಮೇಲೆಯೇ ಇರುತ್ತಿದ್ದವು. ಯಾರಾದರೂ ಮಾತು ಶುರುಮಾಡಿದರೆ ಅದು ಮುಗಿಯುವ ತನಕ ಏಳುತ್ತಿರಲಿಲ್ಲ. ನಾನು ಬೈಯುತ್ತಿದ್ದೆ, ಅವಳು ನಗುತ್ತಿದ್ದಳು.

ಸಿಂದಗಿ ತಾಲೂಕಿನ ಯಂಕಂಚಿ ನನ್ನ ತವರು. ಅಲ್ಲಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಪಡಸಾಲೆಯಲ್ಲಿ ಟೀವಿ, ಅದರ ಎದುರು ಮಂಚದ ಮೇಲೆ ನನ್ನ ಅಪ್ಪ. ಹೆಂಗಸರು ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತರು. “ಟೀವಿ ನೋಡ್ತೀರೇನ್ರಿ?” ಎಂದು ಇವಳು ಕೇಳಿದಳು. “ಇಲ್ರಿ” ಎಂದಳು ನನ್ನ ತಮ್ಮನ ಹೆಂಡತಿ. ಪಕ್ಕದ ಮನೆಯಲ್ಲೂ “ಇಲ್ರಿ.” ಊರೂರಿನಲ್ಲೂ ಹೆಚ್ಚು ಕಡಿಮೆ ಅದೇ ಉತ್ತರ. ಅವಳ ಮಾರ್ಗದರ್ಶಕರಿಗೆ ಬಹಳ ಸಂತೋಷವಾಗಿತ್ತಂತೆ. ಮನೆಗೆ ಟೀವಿ ಬಂದರೂ ಹೆಂಗಸರನ್ನು ಅದು ಮುಟ್ಟಿಲ್ಲ. ಇಷ್ಟು ಸ್ಪಷ್ಟ ಫಲಿತಾಂಶ ಯಾರಿಗೂ ಸಿಕ್ಕಿಲ್ಲ, ಬೇಗ ಬರೆದು ಮುಗಿಸು ಎಂದಿದ್ದರು. ರಜೆಯೂ ಮುಗಿಯುತ್ತ ಬಂದಿತ್ತು.

ಉಳಿದಿದ್ದ ಒಂದೆರಡು ಮನೆಗಳಿಗಾಗಿ ಮತ್ತೆ ಯಂಕಂಚಿಗೆ ಹೋದೆವು. ಅವಳ ನಿಧಾನದಿಂದ ಬಸ್ಸು ತಪ್ಪಿ ತವರಲ್ಲೇ ಉಳಿಯಬೇಕಾಯಿತು. ನಾನು ಸಿಟ್ಟಿನಲ್ಲಿ ಅಡುಗೆಮನೆಯ ಒಂದು ಮೂಲೆಯಲ್ಲಿ ಕೂತೆ. ಅವಳು ಒಲೆಯ ಪಕ್ಕ ಹೋಗಿ ಕುಳಿತಳು. ದೀಪ ಹಚ್ಚುವ ಹೊತ್ತು. ಪಡಸಾಲೆಯಲ್ಲಿ ಅಪ್ಪ ಟೀವಿ ಹಚ್ಚಿದ್ದರು. ಯಾವುದೋ ಧಾರಾವಾಹಿಯ ಹೆಂಗಸು ಅಳುತ್ತ ಮಾತಾಡುತ್ತಿದ್ದಳು. ತಮ್ಮನ ಹೆಂಡತಿಯ ಕೈ ರೊಟ್ಟಿಯ ಮೇಲೆ ಗಕ್ಕನೆ ನಿಂತಿತು.

“ಸುಳ್ಳ ಹೇಳಾಕತ್ತಾಳ ನೋಡು ರಂಡಿ,” ಎಂದಳು ತನಗೆ ತಾನೇ.

ನಮ್ಮ ಬಾಯಾರು ತಿರುಗಿ ನೋಡಿದಳು. “ಟೀವಿ ನೋಡಂಗಿಲ್ಲ ಅಂದಿದ್ರಲ್ರಿ?”

“ನೋಡಂಗಿಲ್ರಿ. ಮಾವ ಕುಂತಿರ್ತಾರ, ಅವರ ಎದುರಿಗೆ ಹೋಗಿ ಕುಂದ್ರಾಕ ಬರ್ತೈತೇನ್ರಿ? ಟೀವಿ ನೋಡಾವ್ರು ಗಂಡಸ್ರು. ನಾವು ಕೇಳ್ತೇವಿ.”

“ದಿನಾ ಕೇಳ್ತೀರಿ?”

“ದಿನಾ ಕೇಳ್ತೇವ್ರಿ. ಕುಕ್ಕರ್ ಸೀಟಿ ಹೊಡದ್ರ ಅಷ್ಟ ತಪ್ಪತೈತಿ.”

“ಆಕಿ ಸುಳ್ಳ ಹೇಳಾಕತ್ತಾಳಂತ ಹೆಂಗ ಗೊತ್ತಾತ್ರಿ?”

“ಸುಳ್ಳ ಹೇಳೂಮುಂದ ಆಕಿ ಕೈಯಾಗಿನ ಬಳಿ ಸಪ್ಪಳ ಮಾಡ್ತಾವ. ಖರೇ ಹೇಳೂಮುಂದ ಸುಮ್ಮನಿರ್ತಾವ.”

ಇಷ್ಟು ಹೇಳಿ ತಮ್ಮನ ಹೆಂಡತಿ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಆಮೇಲೆ ಸಣ್ಣ ದನಿಯಲ್ಲಿ ಅವಳೇ ಕೇಳಿದಳು: “ಬಾಯಾರ, ನೀವು ನೋಡೀರಿ ಹೌದಲ್ಲೋ? ಆಕಿ ಮಾರಿ ಹೆಂಗೈತ್ರಿ? ನನಗ ಆಕಿ ದನಿ ಕೇಳಿದ್ರ ಸತ್ತ ನಮ್ಮಕ್ಕನ ಮಾರಿ ಕಾಣತೈತಿ.”

ನಮ್ಮ ಬಾಯಾರು ಹಿಟ್ಟಿನ ಪರಾತದ ಅಂಚಿಗೆ ಮೊಣಕೈ ಊರಿ ಮುಂದೆ ಬಾಗಿದಳು. “ನಿಮ್ಮಕ್ಕನಂಗೇ ಅದಾಳ್ರಿ” ಎಂದಳು. ಅವಳ ಮೊಣಕೈಗೆ ಹಿಟ್ಟು ಮೆತ್ತಿದ್ದು ಅವತ್ತೇ ಮೊದಲು.

ನಾನು ಆ ಮನೆಯಲ್ಲಿ ಹುಟ್ಟಿ ಬೆಳೆದವಳು. ಅಪ್ಪನೆದುರು ಸೊಸೆ ಬರುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಗೋಡೆಯ ಈಚೆಗೆ ಹೀಗೊಂದು ಲೋಕ ನಡೆದಿದೆ ಎಂದು ಅದುವರೆಗೆ ನನಗೂ ಹೊಳೆದಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. “ನಾ ಕೇಳಿದ ಪ್ರಶ್ನಿನೇ ತಪ್ಪೈತ್ರಿ ಅಕ್ಕಾರ. ಅವರು ಖರೇನ ಹೇಳ್ಯಾರ. ನಾನ ಸುಳ್ಳ ಬರಕೊಂಡೇನಿ. ಎಲ್ಲಾ ಮನಿಗೆ ಮತ್ತ ಹೋಗಬೇಕು.”

“ಹುಚ್ಚಿ,” ಎಂದೆ. “ರಜಾ ಮುಗಿಯಾಕ ಬಂದೈತಿ. ಇದ್ದದ್ದನ್ನ ಬರದು ಕೊಡು. ಪದವಿ ಬಂದ ಮ್ಯಾಲೆ ಬೇಕಾದ್ರ ಇನ್ನೊಂದು ಬರಿ.”

“ಒಮ್ಮೆ ನೋಡಂಗಿಲ್ಲ ಅಂತ ಪುಸ್ತಕದಾಗ ಬಿದ್ರ ಮುಂದ ಎಲ್ಲಾರೂ ಅದನ್ನ ಬರೀತಾರ್ರಿ. ನಿಮ್ಮ ತಮ್ಮನ ಹೇಣ್ತಿ ಇಷ್ಟು ವರ್ಷ ಕೇಳಿದ್ದು ಕೇಳಿಲ್ಲದಂಗ ಆಗ್ತೈತಿ.”

ಮಾರ್ಗದರ್ಶಕರು ಒಪ್ಪಲಿಲ್ಲ. “ಕೇಳುವುದಕ್ಕೆ ರೇಡಿಯೋ ಇದೆಯಮ್ಮ, ಟೀವಿ ನೋಡುವ ಮಾಧ್ಯಮ” ಎಂದರಂತೆ. ಅವಳು ಆ ಮಾತನ್ನು ನನ್ನೆದುರು ಅವರದೇ ದನಿಯಲ್ಲಿ ಆಡಿ ತೋರಿಸಿ ನಕ್ಕಳು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡಳು. ರಜೆ ಮುಗಿಯಿತು. ಹೋಗಿ ಕಾಲೇಜಿಗೆ ಹಾಜರಾದಳು. ಆದರೆ ಭಾನುವಾರ ಬಂದರೆ ನನ್ನ ಮುಂಬಾಗಿಲಲ್ಲಿ ಅವಳ ಚಪ್ಪಲಿ ಇರುತ್ತಿದ್ದವು. ನಸುಕಿನಲ್ಲಿ ಎಬ್ಬಿಸಿ ಮೊದಲ ಬಸ್ಸಿಗೆ ಹತ್ತಿಸುವುದು ನನ್ನ ಪಾಲಿನ ಕೆಲಸವಾಯಿತು. ಬದಲಾದದ್ದು ಒಂದೇ ಶಬ್ದ. “ಟೀವಿ ಕೇಳ್ತೀರೇನ್ರಿ?” ಎಂದರೆ ಸಾಕು, ಅಡುಗೆಮನೆಗಳು ಬಾಯಿ ಬಿಡುತ್ತಿದ್ದವು. ನಿಡಗುಂದಿಯ ಕಡೆಯ ಒಬ್ಬಾಕೆ ಧಾರಾವಾಹಿಯ ಅತ್ತೆಗೆ ಒಂದು ಕಾಲು ಕುಂಟು ಎಂದೇ ನಂಬಿದ್ದಳು, ನಡಿಗೆಯ ಸಪ್ಪಳದಿಂದ. ಇನ್ನೊಬ್ಬಾಕೆ, “ಗಂಡ ಚಾನೆಲ್ ತಿರುವಿದ್ರ ಅರ್ಧಕ್ಕ ನಿಂತ ಕತಿ ನಾನ ಮುಗಸ್ತೇನ್ರಿ” ಎಂದಳಂತೆ. ಅದನ್ನೆಲ್ಲ ನನಗೆ ಹೇಳುತ್ತ ಹೇಳುತ್ತ ಅವಳು ಉಣ್ಣುವುದನ್ನೇ ಮರೆಯುತ್ತಿದ್ದಳು. ನನ್ನ ಗಂಟೆಗಳು ಹಿಂದುಮುಂದಾದದ್ದು ಆ ಭಾನುವಾರಗಳಲ್ಲಿ ಮಾತ್ರ. ಇಂದಿಗೂ ನನಗೆ ಬೇಕೆನಿಸುವುದು ಅವೇ.

ಪದವಿ ಬಂತು, ಬಹಳ ತಡವಾಗಿ. ಪರೀಕ್ಷಿಸಲು ಬಂದವರು ಕೆಲಸವನ್ನು ಮೆಚ್ಚಿದರೂ, ಇದು ಹಳೆಯ ಕಾಲದ ಮಾತಾಯಿತಲ್ಲ, ಈಗ ಹೆಂಗಸರು ಎದುರಿಗೇ ಕೂತು ನೋಡುತ್ತಾರೆ ಎಂದರಂತೆ. ಅದು ನಿಜವೇ. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು, ತಮ್ಮನ ಹೆಂಡತಿ ಪಡಸಾಲೆಗೆ ಬಂದಿದ್ದಳು. ನಮ್ಮ ಬಾಯಾರಿಗೇನೂ ಬೇಸರವಾಗಲಿಲ್ಲ. “ಛಲೋ ಆತಲ್ರಿ ಅಕ್ಕಾರ, ಈಗ ಮಾರಿ ನೋಡ್ತಾರ” ಎಂದು ಪೇಢೆ ಕೊಟ್ಟಳು.

ಅವಳಿಗೆ ಬೇನೆ ಹತ್ತಿದ್ದು ಅದಾದ ಮೇಲೆ. ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವಳಿಗೆ ಮಾತು ಕಷ್ಟವಾಗಿತ್ತು. ನಾನೇ ಮಾತಾಡಿದೆ. ಹಗ್ಗದ ಮೇಲೆ ಬಟ್ಟೆ ಮರೆತು ಬಿಡುವವರಿಲ್ಲ ಎಂದೆ, ಮನೆಯಲ್ಲಿ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆದು ಬೇಸರವಾಗಿದೆ ಎಂದೆ. ಅವಳು ತಲೆ ವಾಲಿಸಿ ಕೇಳುತ್ತಿದ್ದಳು. ಭೇಟಿಯ ಸಮಯ ಮುಗಿಯಿತೆಂದು ನರ್ಸು ಬಂದಳು. ಜೀವನದಲ್ಲಿ ಮೊದಲ ಸಲ ನಾನು ಗಂಟೆಗೆ ಏಳಲಿಲ್ಲ.

ಅವಳು ಹೋದ ಸುದ್ದಿ ಹೇಳಲು ಯಂಕಂಚಿಗೆ ಹೋದಾಗ ಸಂಜೆ. ತಮ್ಮನ ಹೆಂಡತಿ ಪಡಸಾಲೆಯ ನಡುವೆ ಕೂತಿದ್ದಳು, ಪಕ್ಕದಲ್ಲಿ ಅವಳ ಸೊಸೆ, ಎದುರು ಟೀವಿ. ನನ್ನ ಮುಖ ನೋಡಿಯೇ, “ಟೀವಿ ಬಾಯಾರಾ?” ಎಂದಳು. ಹೌದೆಂದೆ. “ಬಂದ್ ಮಾಡವಾ” ಎಂದಳು ಸೊಸೆಗೆ.

ಧಾರಾವಾಹಿ ನಡುವೆಯೇ ನಿಂತಿತು. ಪಕ್ಕದ ಮನೆಯಿಂದ ಅದೇ ಕತೆ ಗೋಡೆ ದಾಟಿ ಬರುತ್ತಿತ್ತು. ತಮ್ಮನ ಹೆಂಡತಿ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಳು.