ಕೊಡೆ ತುದಿಗೆ ಕೋವಿ ಹೂ

ಮಡಿಕೇರಿಯ ಮ್ಯೂಸಿಯಂನಲ್ಲಿ, ಹತ್ತು ಜನರ ಎದುರಿಗೆ, ನಾನು ನನ್ನ ಕೊಡೆಗೆ ಆಯುಧಪೂಜೆ ಮಾಡಿಬಿಟ್ಟೆ. ಬೇರೆಯವರ ಬಾಯಿಂದ ನೀವು ಕೇಳೋದಕ್ಕಿಂತ ನಾನೇ ಒಪ್ಕೊಳ್ಳೋದು ವಾಸಿ. ಬೋಪಣ್ಣ ಹೇಳೋ ಹೊತ್ತಿಗೆ ಆ ಹತ್ತು ಜನ ನೂರಾಗಿರ್ತಾರೆ.

ಬೋಪಣ್ಣ ನನ್ನ ಕಾಲೇಜು ಗೆಳೆಯ, ಕೊಡವ. ಅವನನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು. ಕಾಫಿ ತೋಟಕ್ಕಲ್ಲ, ಮೀಸೆಗೂ ಅಲ್ಲ (ಮೀಸೆಗೆ ಸ್ವಲ್ಪ ಇದೆ), ಕೋವಿಗೆ. ಅವನು ಹುಟ್ಟಿದ ದಿನ ಅಂಗಳದಲ್ಲಿ ಒಂದು ಗುಂಡು ಹಾರಿಸಿದ್ರಂತೆ. ಗಂಡು ಮಗು ಹುಟ್ಟಿದ್ರೆ ಅದು ಅವರ ಪದ್ಧತಿ. ನಾನು ಕುಶಾಲನಗರದ ಹತ್ತಿರದ ಶಿರಂಗಾಲದಲ್ಲಿ ಹುಟ್ಟಿದಾಗ ನಮ್ಮಪ್ಪ ಆಲೂಗಡ್ಡೆಗೆ ಔಷಧಿ ಹೊಡೀತಿದ್ರಂತೆ. ನಮ್ಮ ಕಡೆಯಿಂದ ಹೊಡೆದದ್ದು ಅಷ್ಟೇ. ಅವರಿಗೆ ಕೋವಿ ಲೈಸೆನ್ಸಿಂದ ವಿನಾಯಿತಿ. ಕಾಡುಹಂದಿ ಬಂದ್ರೆ ತಗಡು ಬಡಿಯೋಕೆ ನಮಗೂ ಯಾವ ಲೈಸೆನ್ಸೂ ಬೇಡ ಅನ್ನಿ.

ಇಷ್ಟೇ ಆಗಿದ್ರೆ ಸಹಿಸ್ಕೊಳ್ತಿದ್ದೆ. ಮ್ಯೂಸಿಯಂನಲ್ಲೂ ಅವರದೇ ಕೋವಿ! ಗಾಜಿನ ಪೆಟ್ಟಿಗೇಲಿ ಉದ್ದಕ್ಕೆ ಮಲಗಿರೋ ತ್ರೀ ನಾಟ್ ತ್ರೀ ರೈಫಲ್. ಎರಡನೇ ಮಹಾಯುದ್ಧದಲ್ಲಿ ತನ್ನ ಮುತ್ತಜ್ಜ ಬರ್ಮಾ ಕಾಡಲ್ಲಿ ಹೊತ್ತು ತಿರುಗಿದ್ದು ಇದನ್ನೇ ಅಂತ ಬೋಪಣ್ಣ ನೂರು ಸಲ ಹೇಳಿದ್ದಾನೆ. ಹೊಟ್ಟೆ ಉರಿದು ನಾನೂ ಆ ರೈಫಲ್ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಒಂದೊಂದು ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕು, ಮ್ಯಾಗಜೀನಿಗೆ ಹತ್ತು ಗುಂಡು. ಎರಡು ಮಹಾಯುದ್ಧ ಮುಗಿಸಿದ ಈ ರೈಫಲ್ ಜಾತಿಗೆ ಪೆನ್ಶನ್ ಸಿಗಲಿಲ್ಲ. ಪೊಲೀಸರ ಹೆಗಲೇರಿ ಬಂದೋಬಸ್ತ್ ಡ್ಯೂಟಿ ಬೇರೆ ಮಾಡ್ತು. ಹೊಟ್ಟೆಕಿಚ್ಚಿನಷ್ಟು ಒಳ್ಳೆ ಮೇಷ್ಟ್ರು ಇನ್ನೊಬ್ಬರಿಲ್ಲ. ಪರೀಕ್ಷೆಗೆ ಇಷ್ಟು ಓದಿದ್ರೆ ಇವತ್ತು ನಾನೇ ಒಂದು ಮ್ಯೂಸಿಯಂ ಪೀಸ್ ಆಗಿರ್ತಿದ್ದೆ.

ಕೈಲ್ ಮುಹೂರ್ತದ ದಿನ ಕೊಡವರು ಮನೆಯ ಕೋವಿಗಳನ್ನ ಪೂಜೆಗಿಟ್ಟು, ಅವುಗಳ ಬಾಯಿಗೆ ಕೆಂಪು-ಹಳದಿ ಕೋವಿ ಹೂ ಸಿಕ್ಕಿಸ್ತಾರೆ. ಆಮೇಲೆ ಹಂದಿ ಸಾರು, ಅಕ್ಕಿ ತರಿಯ ಉಂಡೆ ಕಡಂಬುಟ್ಟು. ನಾನು ಹಂದಿ ಮುಟ್ಟದ ಲಿಂಗಾಯತ. ಆದ್ರೆ ಬೋಪಣ್ಣನ ಅಜ್ಜಿ ವರ್ಷಾ ವರ್ಷಾ ನನಗೆ ಅಂತಲೇ ಒಂದು ಬೇರೆ ಪಾತ್ರೇಲಿ ಕಡಂಬುಟ್ಟು, ಜೊತೆಗೆ ಜೇನು ಎತ್ತಿಡ್ತಾರೆ. ಆ ಮನೇಲಿ ನನ್ನದು ಅಂತ ಇರೋದು ಆ ಪಾತ್ರೆ ಒಂದೇ. ಅದನ್ನೇ ಕಳ್ಕೊಳ್ಳೋ ಕೆಲಸ ಮಾಡಿದೆ.

ಈ ಸಲ ಹಬ್ಬದ ಬೆಳಿಗ್ಗೆ, ಮನೆ ಪೂಜೆ ಮುಗಿದ ಮೇಲೆ, ಮ್ಯೂಸಿಯಂ ರೈಫಲ್ಲಿಗೂ ಒಂದು ಹೂ ಇಟ್ಟು ಬರೋಣ ಅಂದ್ರು ಅಜ್ಜಿ. ಬೋಪಣ್ಣ ಕಾರು ನಿಲ್ಲಿಸೋಕೆ ಜಾಗ ಹುಡುಕ್ತಿದ್ದ. ಅಜ್ಜಿಗೆ ಮಂಡಿ ನೋವು. "ನೀನು ಹೂ ಹಿಡ್ಕೊಂಡು ಮುಂದೆ ನಡಿ ಮಗಾ" ಅಂದ್ರು. ನಡೆದೆ. ಪೆಟ್ಟಿಗೆ ಮುಂದೆ ಟೂರಿಸ್ಟುಗಳು. ನನ್ನ ಕೈಲಿ ಹೂ ನೋಡಿ ಒಬ್ಬರು ಕೇಳಿದ್ರು, "ಇದು ಯಾರ್ದು ಸಾರ್?"

"ನಮ್ಮ ಮುತ್ತಜ್ಜಂದು."

ನಾನು ಹೇಳಿದ್ದಲ್ಲ, ಬಾಯಿ ಹೇಳಿದ್ದು. ಆಮೇಲೆ ಅದು ನಿಲ್ಲಲಿಲ್ಲ. ಬರ್ಮಾದಲ್ಲಿ ಮುತ್ತಜ್ಜ ಒಬ್ಬರೇ ಒಂದು ಸೇತುವೆ ಕಾಯ್ದ್ರು. ಅದು ಸಾಲದು ಅನ್ನಿಸಿ ಒಂದು ಹುಲಿ ಸೇರಿಸಿದೆ. "ಪೂಜೆ ಹ್ಯಾಗೆ ಮಾಡ್ತೀರಿ?" ಅಂದ್ರು ಒಬ್ಬ ಹೆಂಗಸು. "ಹಿಂಗೆ" ಅಂತ ಮಳೆಯಲ್ಲಿ ನೆನೆದ ಕೊಡೆಯ ತುದಿಗೆ ಹೂ ಸಿಕ್ಕಿಸಿದೆ, ಕಣ್ಣಿಗೊತ್ತಿಕೊಂಡೆ, ಭುಜಕ್ಕೇರಿಸಿದೆ, ಒಂದು ಕಣ್ಣು ಮುಚ್ಚಿ ಬಾಗಿಲಿಗೆ ಗುರಿ ಇಟ್ಟೆ.

ಬಾಗಿಲಲ್ಲಿ ಅಜ್ಜಿ.

"ನೋಡಿಯಮ್ಮಾ, ಇವರ ಮುತ್ತಜ್ಜ ಬರ್ಮಾದಲ್ಲಿ ಹುಲಿ ಹೊಡೆದ್ರಂತೆ!" ಅಂದ್ರು ಮೊದಲು ಕೇಳಿದ ಆ ಪುಣ್ಯಾತ್ಮರು.

ಅಜ್ಜಿ ಹಿಂದಿದ್ದ ಬೋಪಣ್ಣನ ಮೀಸೆ ಕುಣೀತು. "ಹೌದಾ ಮಾರಾಯ? ನಿನ್ನ ಮುತ್ತಜ್ಜ ಕುಶಾಲನಗರ ದಾಟಿದ್ದೇ ನಂಗೆ ಗೊತ್ತಿರಲಿಲ್ಲ!"

ಅಜ್ಜಿ ಹತ್ತಿರ ಬಂದ್ರು. ಕೊಡೆಯಿಂದ ಹೂ ಬಿಡಿಸಿ, ಪೆಟ್ಟಿಗೆ ಮುಂದಿಟ್ಟು, ಕೈಮುಗಿದು ಹೊರಟ್ರು. ವಾಪಸ್ ಕಾರು ಹತ್ತಿದ್ವಿ. ವೈಪರ್ ಆಚೆ ಈಚೆ ಆಡ್ತಾ 'ಹೋಯ್ತು, ಪಾತ್ರೆ ಹೋಯ್ತು' ಅಂತಿತ್ತು.

ಊಟಕ್ಕೆ ಮೂಲೇಲಿ ಕೂತೆ. ಎಲ್ಲರಿಗೂ ಬಡಿಸಿ ಆಯ್ತು. ಕೊನೆಗೆ ಅಜ್ಜಿ ಒಳಗಿಂದ ಬಂದ್ರು. ಕೈಲಿ ಅದೇ ಪಾತ್ರೆ.

"ನನ್ನ ಮಾವನ, ಅಂದ್ರೆ ಇವನ ಮುತ್ತಜ್ಜನ ರೈಫಲ್ಲನ್ನ ಸರ್ಕಾರ ಯುದ್ಧ ಮುಗಿದ ಕೂಡಲೇ ವಾಪಸ್ ತಗೊಂಡಿತ್ತು ಮಗಾ" ಅಂದ್ರು. "ಮ್ಯೂಸಿಯಂದು ಅದೇ ಥರದ್ದು, ಯಾರದ್ದೋ."

ಬೋಪಣ್ಣನಿಗೆ ಸಾರು ನೆತ್ತಿಗೇರಿತು. ನನಗೆ ಆದ ಖುಷಿ ಹಬ್ಬದ ದಿನ ಹೇಳೋ ಹಾಗಿಲ್ಲ. "ಮತ್ತೆ ಹೂ ಯಾಕಜ್ಜಿ?" ಅಂದೆ.

"ಅದನ್ನ ಹೊತ್ತವನು ಯಾವ ಮನೆ ಮಗನೋ, ಪಾಪ." ಅಜ್ಜಿ ಕಡಂಬುಟ್ಟು ಬಡಿಸ್ತಾ ಮುಂದುವರಿಸಿದ್ರು. "ಮಾವ ಯುದ್ಧಕ್ಕೆ ಹೊರಟ ದಿನ ಲಾರಿ ನಿಮ್ಮ ಶಿರಂಗಾಲದ ಮೇಲೇ ಹೋಯ್ತಂತೆ. ಹೊಲದಲ್ಲಿ ಒಬ್ಬ ಉಳ್ತಾ ಇದ್ದನಂತೆ, ತಲೆ ಎತ್ತಿ ನೋಡಲೂ ಇಲ್ವಂತೆ. ಅವನು ಸಂಜೆ ಎತ್ತು ಬಿಟ್ಟು ಮನೆಗೆ ಹೋಗ್ತಾನಲ್ಲಾ ಅಂತ, ಬರ್ಮಾದಲ್ಲಿ ಇದ್ದಷ್ಟು ದಿನವೂ ಮಾವನಿಗೆ ಅವನ ಮೇಲೆ ಹೊಟ್ಟೆಕಿಚ್ಚು. ನಿನ್ನ ಮುತ್ತಜ್ಜನೇ ಇರಬೋದು. ಜೇನು ಹಾಕ್ಲಾ?"